ಮುಂಬೈನಲ್ಲಿ ಎರಡು ದಿನ: ಒಂದು ಮೈದಾನ, ಎರಡು ಕಾಲದ ಊರು

ಪ್ರಶ್ನೆ: ನಾವು ಧಾರವಾಡದವರು. ನಾನು, ನಮ್ಮ ಯಜಮಾನರು, ನಮ್ಮ ಅಮ್ಮ ಮೂವರೂ ನವೆಂಬರ್‌ನಲ್ಲಿ ಮುಂಬೈಗೆ ಹೊರಟಿದ್ದೇವೆ. ಶುಕ್ರವಾರ ರಾತ್ರಿ ತಲುಪಿ, ಭಾನುವಾರ ರಾತ್ರಿ ಹೊರಡುತ್ತೇವೆ. ಮಾಲ್, ಸಿನಿಮಾ ನಟರ ಮನೆ ಯಾವುದೂ ಬೇಡ. ಹಳೇ ಕಟ್ಟಡ ನೋಡಬೇಕು, ಚಿತ್ರಕಲೆ ನೋಡಬೇಕು, ಚೆನ್ನಾಗಿ ಊಟ ಮಾಡಬೇಕು. ಅಮ್ಮನಿಗೆ 68 ವರ್ಷ, ಮೊಣಕಾಲು ನೋವು, ಪೂರ್ತಿ ಸಸ್ಯಾಹಾರಿ. ಯಜಮಾನರಿಗೆ ಮೀನು ಇಲ್ಲದೆ ಆಗುವುದಿಲ್ಲ. ಎಲ್ಲಿ ಉಳಿಯೋಣ, ಏನೇನು ನೋಡೋಣ? ತಾಜ್ ಹೋಟೆಲಿನಲ್ಲಿ ಒಂದು ರಾತ್ರಿ ಇದ್ದರೆ ಕೊಟ್ಟ ದುಡ್ಡಿಗೆ ತಕ್ಕದ್ದಾಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕಟ್ಟಡ ನೋಡಲೆಂದೇ ಮುಂಬೈಗೆ ಹೋಗುವವರು ಕಡಿಮೆ. ವಾಸ್ತುಶಿಲ್ಪಿಯಾಗಿ ಹೇಳುತ್ತೇನೆ, ಎರಡು ದಿನದಲ್ಲಿ ಇಷ್ಟು ಹತ್ತಿರ ಹತ್ತಿರ ಇಷ್ಟು ಬಗೆಯ ಕಟ್ಟಡ ತೋರಿಸುವ ಇನ್ನೊಂದು ಊರು ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಮೊದಲು ಇಡೀ ಮುಂಬೈ ನೋಡುವ ಆಸೆ ಬಿಟ್ಟುಬಿಡಿ. ಬಾಂದ್ರಾ, ಜುಹು ಎರಡೂ ಪಟ್ಟಿಯಿಂದ ಹೊರಗೆ. ಎಲಿಫೆಂಟಾ ಗುಹೆ ದೊಡ್ಡ ಕಲೆಯೇ, ಅನುಮಾನವಿಲ್ಲ. ಆದರೆ ದೋಣಿಯಲ್ಲಿ ಒಂದು ಗಂಟೆ, ಆಮೇಲೆ ನೂರಕ್ಕೂ ಜಾಸ್ತಿ ಮೆಟ್ಟಿಲು, ಮತ್ತೆ ವಾಪಸ್. ಅರ್ಧ ದಿನ ಅಲ್ಲೇ ಹೋಗುತ್ತದೆ, ಅಮ್ಮನ ಮೊಣಕಾಲೂ ಸುಸ್ತಾಗುತ್ತದೆ. ಅದನ್ನು ಬೇರೆ ಪ್ರವಾಸಕ್ಕೆ ಇಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಬಹುತೇಕ ಊರಿನ ದಕ್ಷಿಣ ತುದಿಯಲ್ಲೇ ಇದೆ. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಿಂದ ಗೇಟ್‌ವೇ ಆಫ್ ಇಂಡಿಯಾ ತನಕ ಹೆಚ್ಚುಕಡಿಮೆ ಎರಡು ಕಿಲೋಮೀಟರ್. ಇವೆರಡರ ನಡುವೆ, ಸ್ವಲ್ಪ ಪಶ್ಚಿಮಕ್ಕೆ, ಓವಲ್ ಮೈದಾನ. ಈ ಮೈದಾನವನ್ನು ಸರಿಯಾಗಿ ನೋಡಿದರೆ ಮುಂಬೈನ ಅರ್ಧ ಕಥೆ ತಿಳಿದ ಹಾಗೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಓವಲ್ ಮೈದಾನದ ನಡುವೆ ಒಂದು ಕಾಲುದಾರಿ ಇದೆ. ಅಲ್ಲಿ ನಿಂತು ಪೂರ್ವಕ್ಕೆ ತಿರುಗಿ. ಕಲ್ಲಿನ ಗೋಪುರಗಳು, ಚೂಪು ಕಮಾನುಗಳು, ಕೆತ್ತನೆಯ ಕಂಬಗಳು. ಈ ಶೈಲಿಗೆ ಗಾಥಿಕ್ ಅಂತ ಹೆಸರು. ಬಾಂಬೆ ಹೈಕೋರ್ಟ್, ವಿಶ್ವವಿದ್ಯಾಲಯದ ಗ್ರಂಥಾಲಯ, 85 ಮೀಟರ್ ಎತ್ತರದ ರಾಜಾಬಾಯಿ ಗೋಪುರ, ಹಳೇ ಸಚಿವಾಲಯ ಎಲ್ಲ ಸಾಲಾಗಿ ನಿಂತಿವೆ. ಎಲ್ಲವೂ 1870ರ ದಶಕದಲ್ಲಿ ಮುಗಿದವು. ಈಗ ಹಿಂದೆ ತಿರುಗಿ. ಪಶ್ಚಿಮದ ಬದಿಯಲ್ಲಿ ಐದಾರು ಮಹಡಿಯ ಮನೆಗಳ ಸಾಲು. ದುಂಡು ಬಾಲ್ಕನಿ, ಹಡಗಿನ ಕಿಟಕಿಯಂಥ ಗುಂಡನೆಯ ಕಿಂಡಿ, ತಿಳಿ ಹಳದಿ, ತಿಳಿ ಹಸಿರು ಬಣ್ಣ. ಇವು 1930ರ ದಶಕದ ಆರ್ಟ್ ಡೆಕೊ ಕಟ್ಟಡಗಳು. 22 ಎಕರೆ ಹುಲ್ಲಿನ ಆಚೆ ಈಚೆ ಎರಡು ಕಾಲ ಎದುರುಬದುರು ನಿಂತಿವೆ. ಈ ಎರಡೂ ಸಾಲು ಸೇರಿಯೇ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಹೋದದ್ದು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರಲ್ಲಿ ಅಲ್ಲಿಯೇ ವಾಸ ಮಾಡುವ ಜನರೂ ಇದ್ದರು ಎನ್ನುವುದು ನನಗೆ ಬಹಳ ಹಿಡಿಸಿದ ವಿಷಯ.

ಈ ಮೈದಾನ ಹೇಗೆ ಉಳಿಯಿತು ಗೊತ್ತಾ? ಮುಂಬೈ ಮೊದಲು ಕೋಟೆಯೊಳಗಿನ ಊರು. ಈಗಲೂ ಆ ಭಾಗಕ್ಕೆ ಫೋರ್ಟ್ ಅಂತಲೇ ಹೆಸರು. ಕೋಟೆಯ ಮೇಲಿನ ಫಿರಂಗಿಗೆ ಗುರಿ ಕಾಣಬೇಕು ಅಂತ ಹೊರಗಡೆ ದೊಡ್ಡ ಬಯಲು ಬಿಟ್ಟಿದ್ದರು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲಕ್ಕೆ ಕೋಟೆಗೋಡೆ ಕೆಡವಿದರು. ಬಯಲಿನ ತುಣುಕುಗಳೇ ಇಂದಿನ ಓವಲ್, ಕ್ರಾಸ್, ಆಜಾದ್ ಮೈದಾನಗಳು. ಗೋಡೆ ಹೋದ ಜಾಗದಲ್ಲಿ ಕಡಲಿಗೆ ಮುಖ ಮಾಡಿ ಸರ್ಕಾರಿ ಕಟ್ಟಡಗಳು ಎದ್ದವು. ಆಗ ಓವಲ್‌ನ ಪಶ್ಚಿಮಕ್ಕೆ ರೈಲು ಹಳಿ, ಅದರಾಚೆ ಸಮುದ್ರ, ಅಷ್ಟೇ.

ಆ ಹೊತ್ತಿಗೆ ಊರಿಗೆ ದುಡ್ಡು ಹರಿದು ಬಂದದ್ದರಲ್ಲಿ ನಿಮ್ಮ ಧಾರವಾಡದ ಪಾಲೂ ಇದೆ. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಆಗ ಮುಂಬೈ ಬಂದರಿನಿಂದ ಹೋದ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಅಮೆರಿಕದ ತಳಿಯ ಹತ್ತಿ ಅದಕ್ಕೂ ಮುಂಚೆಯೇ ಬೇರೂರಿತ್ತು, ಅದಕ್ಕೆ ಒಳ್ಳೆಯ ಹೆಸರೂ ಇತ್ತು. ರಾಜಾಬಾಯಿ ಗೋಪುರಕ್ಕೆ ದುಡ್ಡು ಕೊಟ್ಟ ಪ್ರೇಮ್‌ಚಂದ್ ರಾಯಚಂದ್ ಅದೇ ಹತ್ತಿ ವ್ಯಾಪಾರದಲ್ಲಿ ಬೆಳೆದವರು. ಗೋಪುರಕ್ಕೆ ಇಟ್ಟದ್ದು ತಮ್ಮ ತಾಯಿಯ ಹೆಸರು. ನಕ್ಷೆ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಒಮ್ಮೆಯೂ ಭಾರತಕ್ಕೆ ಬರಲಿಲ್ಲ, ಲಂಡನ್ನಿನಿಂದಲೇ ಬರೆದು ಕಳಿಸಿದರು. ಇನ್ನೊಂದು ನಂಟೂ ಇದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವ ತನಕ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೆ ಪದವಿ ಸಿಗುತ್ತಿದ್ದದ್ದು ಈ ಮುಂಬೈ ವಿಶ್ವವಿದ್ಯಾಲಯದಿಂದಲೇ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಕಾಲದ ಬಿ.ಎ. ಆಗಿದ್ದರೆ, ಅಮ್ಮನಿಗೆ ಈ ಗೋಪುರ ಬೇರೆಯೇ ಥರ ಕಾಣುತ್ತದೆ.

ಪಶ್ಚಿಮದ ಸಾಲಿನ ಕಥೆ ಬೇರೆ. ಸಮುದ್ರಕ್ಕೆ ಮಣ್ಣು ತುಂಬಿ ಹೊಸ ನೆಲ ಮಾಡಿದ ಮೇಲೆ ಬಂದದ್ದು ಅದು. ದಾನಿಗಳ ದುಡ್ಡು ಇದ್ದರೂ ಪೂರ್ವದ ಕಟ್ಟಡಗಳನ್ನು ಕಟ್ಟಿಸಿದ್ದು ಬ್ರಿಟಿಷ್ ಸರ್ಕಾರ. ಪಶ್ಚಿಮದವನ್ನು ಕಟ್ಟಿಸಿದ್ದು ಬಹುಪಾಲು ನಮ್ಮ ವ್ಯಾಪಾರಿಗಳು, ನಕ್ಷೆ ಹಾಕಿದವರಲ್ಲೂ ಹೆಚ್ಚಿನವರು ಭಾರತೀಯರು. ಕಲ್ಲಿನ ಬದಲು ಕಾಂಕ್ರೀಟ್. ಕಿಟಕಿಯ ಮೇಲೆ ಹುಬ್ಬಿನ ಹಾಗೆ ಉದ್ದಕ್ಕೆ ಓಡುವ ಸಜ್ಜಾ ನೋಡಿ, ಅದು ಚಂದಕ್ಕಷ್ಟೇ ಅಲ್ಲ. ಮುಂಬೈ ಮಳೆ, ಮುಂಬೈ ಬಿಸಿಲು ಎರಡನ್ನೂ ತಡೆಯುತ್ತದೆ. ದುಂಡು ಬಾಲ್ಕನಿ ಕಡಲಗಾಳಿಯನ್ನು ಒಳಗೆ ಎಳೆಯುತ್ತದೆ. ಗೇಟಿನ ಕಬ್ಬಿಣದ ಜಾಲರಿಯಲ್ಲಿ ಸೂರ್ಯನ ಕಿರಣ, ಅಲೆ, ಕಾರಂಜಿಯ ಆಕಾರ ಹುಡುಕಿ. ಕಟ್ಟಡದ ಹೆಸರು ಬರೆದ ಅಕ್ಷರಗಳನ್ನೂ ಬಿಡಬೇಡಿ. ಒಂದೊಂದರದ್ದು ಒಂದೊಂದು ಬರವಣಿಗೆ.

ಇಲ್ಲಿ ಒಂದು ಕಿವಿಮಾತು. ಡೆಕೊ ಸಾಲಿನ ಮುಖ ಪೂರ್ವಕ್ಕೆ, ಗಾಥಿಕ್ ಸಾಲಿನ ಮುಖ ಪಶ್ಚಿಮಕ್ಕೆ. ಅಂದರೆ ಬೆಳಿಗ್ಗೆ ಏಳರ ಎಳೆಬಿಸಿಲು ಮನೆಗಳ ಮೇಲೆ ಬೀಳುತ್ತದೆ, ಸಂಜೆ ಐದರ ಬಿಸಿಲು ಗೋಪುರಗಳ ಮೇಲೆ. ಒಂದೇ ಸಲ ಹೋಗಿ ಎರಡೂ ನೋಡಿದರೆ ಒಂದು ಸಾಲು ನೆರಳಿನಲ್ಲೇ ಉಳಿಯುತ್ತದೆ. ಶನಿವಾರ ಬೆಳಿಗ್ಗೆ ಒಮ್ಮೆ, ಅದೇ ದಿನ ಸಂಜೆ ಒಮ್ಮೆ ಹೋಗಿ. ಸಂಜೆಯ ಬೆಳಕಿನಲ್ಲಿ ಹಳದಿ ಕಲ್ಲಿನ ಒಂದೊಂದು ಕೆತ್ತನೆಯೂ ಎದ್ದು ಕಾಣುತ್ತದೆ. ನವೆಂಬರ್‌ನಲ್ಲಿ ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ಲೆಕ್ಕದಲ್ಲಿರಲಿ.

ಈಗ ಉಳಿಯುವ ಮಾತು. ವಿಮಾನ ನಿಲ್ದಾಣದ ಹತ್ತಿರ ಅಗ್ಗವಾಗಿ ಸಿಗುತ್ತದೆ ಅಂತ ಅಂಧೇರಿಯಲ್ಲಿ ರೂಮು ಮಾಡಬೇಡಿ. ದಿನಕ್ಕೆ ಎರಡು ಮೂರು ಗಂಟೆ ಓಡಾಟಕ್ಕೇ ಹೋಗುತ್ತದೆ. ವಿಮಾನದಲ್ಲಿ ಬಂದರೆ ಮೆಟ್ರೊ ಹತ್ತಿ. 2025ರ ಅಕ್ಟೋಬರ್‌ನಿಂದ ನೆಲದಡಿಯ ಆಕ್ವಾ ಲೈನ್ ಕಫ್ ಪರೇಡ್ ತನಕ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದಲ್ಲಿ ಹತ್ತಿದರೆ ನೇರವಾಗಿ ಸಿಎಸ್‌ಎಂಟಿ, ಹುತಾತ್ಮಾ ಚೌಕ್ ಅಥವಾ ಚರ್ಚ್‌ಗೇಟ್‌ನಲ್ಲಿ ಇಳಿಯಬಹುದು. ರಾತ್ರಿ ತಡವಾದರೆ ಟ್ಯಾಕ್ಸಿಯೇ ಸರಿ.

ರೂಮಿಗೆ ಮೂರು ಜಾಗ ಹೇಳುತ್ತೇನೆ. ಮರೀನ್ ಡ್ರೈವ್‌ನಲ್ಲಿ ಸೀ ಗ್ರೀನ್ ಹೋಟೆಲ್ ಇದೆ. ಆ ಕಟ್ಟಡವೇ ಆರ್ಟ್ ಡೆಕೊ. ಒಳಗೆ ಸಾದಾ, ಥಳಕು ಏನೂ ಇಲ್ಲ. ಆದರೆ ಬಾಲ್ಕನಿಯಿಂದ ಎದುರಿಗೇ ಸಮುದ್ರ. ನನ್ನ ಆಯ್ಕೆ ಇದೇ. ಅಮ್ಮ ಸುಸ್ತಾದರೆ ಸುಮ್ನೆ ಬಾಲ್ಕನಿಯಲ್ಲಿ ಕೂತು ಮರೀನ್ ಡ್ರೈವ್‌ನ ಇಡೀ ತಿರುವು ನೋಡಬಹುದು. ನ್ಯೂ ಮರೀನ್ ಲೈನ್ಸ್‌ನ ವೆಸ್ಟ್ ಎಂಡ್ ಹೋಟೆಲ್ ಕೂಡ ಹಳೇ ಡೆಕೊ ಹೋಟೆಲ್ಲೇ, ರೂಮುಗಳು ದೊಡ್ಡವು. ಮೂರನೆಯದು ಕೊಲಾಬಾದ ಅಬೋಡ್. ಹಳೇ ಕಟ್ಟಡವನ್ನು ಒಳ್ಳೆಯ ಅಭಿರುಚಿಯಿಂದ ಸಿದ್ಧ ಮಾಡಿದ್ದಾರೆ, ಮ್ಯೂಸಿಯಂ, ಗ್ಯಾಲರಿಗಳಿಗೆ ಬಹಳ ಹತ್ತಿರ. ಎಲ್ಲಿ ಮಾಡಿದರೂ ಮೊದಲೇ ಫೋನ್ ಮಾಡಿ, ಲಿಫ್ಟ್ ಇದೆಯಾ, ರೂಮಿಗೆ ಹೋಗಲು ಎಷ್ಟು ಮೆಟ್ಟಿಲು ಅಂತ ಕೇಳಿ. ಹಳೇ ಕಟ್ಟಡಗಳಲ್ಲಿ ಇದು ಮುಖ್ಯ.

ತಾಜ್ ವಿಷಯ. ದುಡ್ಡು ಕೈಯಲ್ಲಿದ್ದು ಆಸೆಯೂ ಇದ್ದರೆ ಇರಿ, ತಪ್ಪೇನಿಲ್ಲ. ಆದರೆ ಆಗ ಹಳೇ ಭಾಗದಲ್ಲೇ, ಅಂದರೆ ಪ್ಯಾಲೆಸ್ ವಿಂಗ್‌ನಲ್ಲೇ ರೂಮು ತೆಗೆದುಕೊಳ್ಳಿ. ಪಕ್ಕದ ಎತ್ತರದ ಟವರ್ 1970ರ ದಶಕದ್ದು. ಅಲ್ಲಿ ಉಳಿದರೆ ನಿಮಗೆ ಬೇಕಾದದ್ದು ಸಿಗುವುದಿಲ್ಲ. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಅನ್ನಿಸಿದರೆ ಶನಿವಾರ ಮಧ್ಯಾಹ್ನ ಸೀ ಲೌಂಜ್‌ನಲ್ಲಿ ಮೂವರಿಗೂ ಚಹಾ ಹೇಳಿ. ಕಿಟಕಿ ಪಕ್ಕದ ಟೇಬಲ್ ಬೇಕು ಅಂತ ಮುಂಚೆಯೇ ಬುಕ್ ಮಾಡಿ. ಕಿಟಕಿಯಾಚೆ ಗೇಟ್‌ವೇ, ದೋಣಿಗಳು, ಬಂದರು. ನಿಮ್ಮ ಪ್ರವಾಸಕ್ಕೆ ನನ್ನ ಸಲಹೆ ಇದೇ.

ತಾಜ್ ಬಗ್ಗೆ ಒಂದು ಕಥೆ ನಿಮಗೂ ಯಾರಾದರೂ ಹೇಳುತ್ತಾರೆ. ಹೋಟೆಲನ್ನು ತಿರುಗಾಮುರುಗಾ ಕಟ್ಟಿಬಿಟ್ಟರು, ಅದನ್ನು ನೋಡಿ ವಾಸ್ತುಶಿಲ್ಪಿ ಪ್ರಾಣ ಬಿಟ್ಟ ಅಂತ. ನಂಬಬೇಡಿ. ಜೆಮ್ಷೆಟ್‌ಜಿ ಟಾಟಾ ಈ ಹೋಟೆಲ್ ತೆರೆದದ್ದು 1903ರಲ್ಲಿ. ಗೇಟ್‌ವೇ ಮುಗಿದದ್ದು 1924ರಲ್ಲಿ. ಆ ಕಾಲಕ್ಕೆ ಕುದುರೆಗಾಡಿಗಳು ಬರುತ್ತಿದ್ದದ್ದು ಊರಿನ ಕಡೆಯಿಂದ, ಹಾಗಾಗಿ ಬಾಗಿಲು ಆ ಕಡೆಗಿತ್ತು. ನಕ್ಷೆ ಶುರು ಮಾಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ. ವೈದ್ಯ ತೀರಿಕೊಂಡ ಮೇಲೆ ಡಬ್ಲ್ಯು.ಎ. ಚೇಂಬರ್ಸ್ ಮುಗಿಸಿದರು. ಒಬ್ಬ ಭಾರತೀಯ ಯಜಮಾನ, ಇಬ್ಬರು ಭಾರತೀಯ ವಾಸ್ತುಶಿಲ್ಪಿಗಳು ಶುರು ಮಾಡಿದ ಹೋಟೆಲ್ ಅದು. ಅದನ್ನು ಬಿಟ್ಟು ಜನ ಈ ಸುಳ್ಳು ಕಥೆ ಹೇಳುವುದು ನೋಡಿದರೆ ನನಗೆ ಬೇಜಾರಾಗುತ್ತದೆ.

ಹೋಟೆಲುಗಳ ಮಾತು ಬಂದದ್ದಕ್ಕೆ, ಮ್ಯೂಸಿಯಂ, ಗ್ಯಾಲರಿಗಳಿರುವ ಕಾಲಾ ಘೋಡಾ ಎಂಬ ಜಾಗದಲ್ಲಿ ಎಸ್ಪ್ಲನೇಡ್ ಮ್ಯಾನ್ಷನ್ ಅನ್ನೂ ಹೊರಗಿನಿಂದ ನೋಡಿ. ಒಂದು ಕಾಲಕ್ಕೆ ಅದು ವಾಟ್ಸನ್ಸ್ ಹೋಟೆಲ್. ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಮಾಡಿ, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದ್ದು. 1896ರ ಜುಲೈ 7ರಂದು ಭಾರತದಲ್ಲಿ ಮೊದಲ ಸಲ ಸಿನಿಮಾ ತೋರಿಸಿದ್ದು ಇಲ್ಲೇ, ಲೂಮಿಯೇರ್ ಸಹೋದರರ ಚಿತ್ರಗಳು. ಈಗ ಕಟ್ಟಡದ ಸ್ಥಿತಿ ತೀರಾ ಕೆಟ್ಟಿದೆ. ಇಂಥ ಕಟ್ಟಡಕ್ಕೆ ಹೀಗಾಗಬಾರದಿತ್ತು.

ಶನಿವಾರದ ಬೆಳಗಿಗೆ ಬರೋಣ. ಓವಲ್ ನೋಡಿಕೊಂಡು ಟ್ಯಾಕ್ಸಿಯಲ್ಲಿ ಧೋಬಿ ತಲಾವ್‌ಗೆ ಹೋಗಿ. ಅಲ್ಲಿ 1904ರ ಕ್ಯಾನಿ ಇದೆ, ಇರಾನಿ ಕೆಫೆ. ಮರದ ಕುರ್ಚಿ, ಗಾಜಿನ ಬರಣಿಗಳಲ್ಲಿ ಬಿಸ್ಕತ್ತು, ಬೆಣ್ಣೆ ಸವರಿದ ಬನ್ ಮಸ್ಕಾ, ಗಟ್ಟಿ ಚಹಾ. ಅಮ್ಮನಿಗೆ ಬನ್ ಮಸ್ಕಾ ಇಷ್ಟವಾಗುತ್ತದೆ. ಮಾವಾ ಕೇಕ್‌ಗೆ ಮೊಟ್ಟೆ ಹಾಕುತ್ತಾರೆ, ಅವರಿಗೆ ಅದು ಬೇಡ. ನಿಮಗಿಬ್ಬರಿಗೆ ಅಕೂರಿ ಹೇಳಿ, ಪಾರ್ಸಿಗಳು ಮಾಡುವ ಮೊಟ್ಟೆ ಪಲ್ಯ.

ಹತ್ತೂಕಾಲಿಗೆ ಮ್ಯೂಸಿಯಂ ಬಾಗಿಲು ತೆರೆಯುತ್ತದೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಹಳೇ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ತೋಟದಲ್ಲಿ ನಿಂತು ಮೊದಲು ಗುಮ್ಮಟ ನೋಡಿ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುತ್ತದೆ. ನಕ್ಷೆ ಮಾಡಿದ ಜಾರ್ಜ್ ವಿಟೆಟ್ ಇದಕ್ಕೆ ನಮ್ಮ ವಿಜಯಪುರದ ಗೋಲ ಗುಮ್ಮಟವನ್ನೇ ಮಾದರಿ ಮಾಡಿಕೊಂಡಿದ್ದರು. ಗೇಟ್‌ವೇ ಕೂಡ ಅವರದ್ದೇ. ಗಾಥಿಕ್ ಸಾಕು, ಇನ್ನು ಈ ನೆಲದ ಕಟ್ಟಡಗಳಿಂದ ಕಲಿಯೋಣ ಎನ್ನುವ ಕಾಲ ಆಗ ಬಂದಿತ್ತು. 1905ರಲ್ಲಿ ಅಡಿಗಲ್ಲು ಬಿತ್ತು, ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಯಾಯಿತು, ಮ್ಯೂಸಿಯಂ ಆಗಿ ತೆರೆದದ್ದು 1922ರಲ್ಲಿ. ಇತ್ತೀಚೆಗೆ ಮಾಡಿದ ದುರಸ್ತಿಗೆ 2022ರಲ್ಲಿ ಯುನೆಸ್ಕೊ ಪ್ರಶಸ್ತಿಯೂ ಬಂತು.

ಒಳಗೆ ಎಲ್ಲವನ್ನೂ ನೋಡಲು ಹೋಗಬೇಡಿ. ಶಿಲ್ಪ ವಿಭಾಗಕ್ಕೆ ಹೋಗಿ ಐಹೊಳೆಯ ಚಾವಣಿ ಫಲಕಗಳನ್ನು ಹುಡುಕಿ. ಹುಚ್ಚಪ್ಪಯ್ಯ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವನ ಕೆತ್ತನೆಗಳು. ಬಾದಾಮಿ ಚಾಲುಕ್ಯರ ಕೆಲಸ. ಐಹೊಳೆಗೆ ನೀವು ಹೋಗಿಯೇ ಇರುತ್ತೀರಿ, ಅಲ್ವಾ? ಅಲ್ಲಿ ಕತ್ತು ಎತ್ತಿ ನೋಡಬೇಕಿದ್ದ ಶಿಲ್ಪ ಇಲ್ಲಿ ಕಣ್ಣಿನ ಎದುರಿಗೇ ಇದೆ. ಬೆರಳು, ಒಡವೆ, ಬಟ್ಟೆಯ ಮಡಿಕೆ ಎಲ್ಲ ಹತ್ತಿರದಿಂದ ಕಾಣುತ್ತದೆ. ಗುಡಿಯಿಂದ ತೆಗೆದು ತಂದದ್ದು ಸರಿಯೇ ಎಂಬ ಪ್ರಶ್ನೆ ನಿಮಗೂ ಏಳುತ್ತದೆ, ಏಳಲಿ. ಆಮೇಲೆ ಕಿರುಚಿತ್ರಗಳ ವಿಭಾಗ. ಅಲ್ಲಿ ದಖನಿ ಚಿತ್ರಗಳ, ಅಂದರೆ ದಖ್ಖನ್ ಸುಲ್ತಾನರ ಕಾಲದ ಶೈಲಿಯ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಎರಡು ಗಂಟೆ ಸಾಕು. ಅಮ್ಮ ನಡುವೆ ತೋಟದ ಬೆಂಚಿನ ಮೇಲೆ ಕೂರಬಹುದು.

ಮಧ್ಯಾಹ್ನದ ಊಟಕ್ಕೆ ಟ್ಯಾಕ್ಸಿ ಹಿಡಿದು ಬಲ್ಲಾರ್ಡ್ ಎಸ್ಟೇಟ್‌ಗೆ. ಆ ಬಡಾವಣೆಯ ರೂಪವೂ ವಿಟೆಟ್ ಕೈಯದ್ದೇ, ವಾರದ ಕೊನೆಗೆ ಖಾಲಿ ಖಾಲಿಯಾಗಿ ಚೆನ್ನಾಗಿರುತ್ತದೆ. ಅಲ್ಲಿ 1923ರ ಬ್ರಿಟಾನಿಯಾ ಇದೆ. ಬೆರಿ ಪಲಾವ್ ತಿನ್ನಿ. ಇರಾನಿನಿಂದ ಬರುವ ಹುಳಿ ಹಣ್ಣಿನ ಒಣಕಾಳು ಉದುರಿಸಿದ ಪಲಾವ್. ತರಕಾರಿಯದ್ದೂ ಮಾಡುತ್ತಾರೆ. ಇದು ಮಧ್ಯಾಹ್ನದ ಜಾಗ, ಹನ್ನೆರಡೂವರೆಯೊಳಗೆ ಹೋದರೆ ಕಾಯುವುದು ಕಡಿಮೆ.

ಚಿತ್ರಕಲೆಗೆ ಶನಿವಾರ ಮಧ್ಯಾಹ್ನವೇ ಸರಿ, ಯಾಕೆಂದರೆ ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತವೆ. ಜೆಹಾಂಗೀರ್ ಆರ್ಟ್ ಗ್ಯಾಲರಿ ಮ್ಯೂಸಿಯಂ ಪಕ್ಕದಲ್ಲೇ ಇದೆ. 1952ರದ್ದು, ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿ ಪ್ರತಿ ವಾರ ಹೊಸ ಕಲಾವಿದರು. ಎಲ್ಲವೂ ಚೆನ್ನಾಗಿರುತ್ತದೆ ಅಂತ ಅಲ್ಲ. ಆದರೆ ಕಲಾವಿದರೇ ಚಿತ್ರದ ಪಕ್ಕ ಕೂತಿರುತ್ತಾರೆ, ಮಾತಾಡಿಸಬಹುದು. ಹೊರಗಡೆ ಫುಟ್‌ಪಾತಿನ ಮೇಲೂ ಚಿತ್ರ ತೂಗುಹಾಕಿರುತ್ತಾರೆ. ಅಲ್ಲಿಂದ ಎದುರಿನ ಸರ್ಕಲ್‌ನಲ್ಲಿ ಎನ್‌ಜಿಎಂಎ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. 1911ರ ಸಭಾಂಗಣವೊಂದರ ಒಳಗನ್ನು ಬದಲಿಸಿ 1996ರಲ್ಲಿ ಗ್ಯಾಲರಿ ಮಾಡಿದ್ದಾರೆ. ಅರ್ಧವೃತ್ತದ ಮಹಡಿಗಳನ್ನು ಹತ್ತುತ್ತಾ ಹೋಗಬೇಕು, ಕೊನೆಗೆ ಗುಮ್ಮಟದ ಕೆಳಗೆ ಬರುತ್ತೀರಿ. ಅಮ್ಮನಿಗೆ ಕಷ್ಟವಾದರೆ ಕೆಳಗಿನ ಮಹಡಿ ಸಾಕು.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬೈಗೆ ಬಂದು ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1996ರಲ್ಲಿ ತೀರಿಕೊಳ್ಳುವ ತನಕ ಮುಂಬೈಯ ಕಲಾವಿದರಾಗಿಯೇ ಉಳಿದರು. ಅವರ ಗೆರೆ ನೋಡಿ. ಕೈ ಎತ್ತದೆ ಒಂದೇ ಉಸಿರಿನಲ್ಲಿ ಎಳೆದಂತಿರುತ್ತದೆ, ಕುಣಿಯುವ ದೇಹ ಒಂದೇ ಬಳುಕಿನಲ್ಲಿ ಬಂದುಬಿಡುತ್ತದೆ. ಗ್ಯಾಲರಿಗಳಲ್ಲಿ ಪ್ರದರ್ಶನ ಬದಲಾಗುತ್ತಲೇ ಇರುತ್ತದೆ, ಅವರ ಚಿತ್ರ ಆ ದಿನ ಗೋಡೆಯ ಮೇಲಿದೆಯಾ ಅಂತ ಕೌಂಟರ್‌ನಲ್ಲಿ ಕೇಳಿ. ಹೊಸ ಕಲೆ ಬೇಕಾದರೆ ಫೋರ್ಟ್‌ನ ಕೆಮೌಲ್ಡ್‌ಗೆ ಹೋಗಿ. 1963ರಲ್ಲಿ ಜೆಹಾಂಗೀರ್ ಗ್ಯಾಲರಿಯ ಮಹಡಿಯ ಮೇಲೆ ಶುರುವಾದದ್ದು, ಈಗ ಪ್ರೆಸ್ಕಾಟ್ ರಸ್ತೆಯ ಹಳೇ ಕಟ್ಟಡದಲ್ಲಿದೆ. ಕೊಳ್ಳುವವರಿಗೆ ಮಾತ್ರ ಪ್ರವೇಶ ಅಂದುಕೊಂಡು ಬಹಳ ಜನ ಬಾಗಿಲಿನಿಂದಲೇ ಹಿಂದೆ ಬರುತ್ತಾರೆ. ಹಾಗೇನಿಲ್ಲ. ಬೆಲ್ ಒತ್ತಿ, ಒಳಗೆ ಹೋಗಿ, ನೋಡಿ. ಕೇಳಿದರೆ ವಿವರಿಸುತ್ತಾರೆ.

ತಾಜ್‌ನಲ್ಲಿ ಚಹಾ ಮುಗಿಸಿ ಹೊರಬಂದಾಗ ರೀಗಲ್ ಸಿನಿಮಾ ಮುಂದೆ ನಿಲ್ಲಿ. 1933ರ ಡೆಕೊ ಕಟ್ಟಡ. ಅದರ ವಾಸ್ತುಶಿಲ್ಪಿ ಚಾರ್ಲ್ಸ್ ಸ್ಟೀವನ್ಸ್. ಅವರ ಅಪ್ಪ ಎಫ್.ಡಬ್ಲ್ಯು. ಸ್ಟೀವನ್ಸ್ ಸಿಎಸ್‌ಎಂಟಿ ನಿಲ್ದಾಣದ ನಕ್ಷೆ ಮಾಡಿದವರು. ಅಪ್ಪನದ್ದು ಗಾಥಿಕ್, ಮಗನದ್ದು ಆರ್ಟ್ ಡೆಕೊ. ಓವಲ್‌ನ ಎರಡು ಸಾಲುಗಳ ನಡುವೆ ಎಷ್ಟು ಕಾಲ ಕಳೆದಿತ್ತು ಅಂದರೆ ಇಷ್ಟೇ, ಒಂದು ತಲೆಮಾರು. ಅಲ್ಲಿಂದ ನೇರ ಓವಲ್‌ಗೆ, ಸಂಜೆ ಬೆಳಕಿಗೆ.

ರಾತ್ರಿ ಊಟ ಯಜಮಾನರಿಗೆ. ಫೋರ್ಟ್‌ನ ಮಹೇಶ್ ಲಂಚ್ ಹೋಮ್‌ಗೆ ಹೋಗಿ. ಕರಾವಳಿಯಿಂದ ಬಂದವರು 1970ರ ದಶಕದಲ್ಲಿ ಶುರು ಮಾಡಿದ ಹೋಟೆಲ್. ಗಸಿ, ನೀರುದೋಸೆ, ಬೊಂಬಿಲ್ ಎಂಬ ಮೀನಿನ ಫ್ರೈ, ಏಡಿ. ಕಾಲಾ ಘೋಡಾದ ತ್ರಿಷ್ಣಾ ಕೂಡ ಏಡಿಗೆ ಹೆಸರುವಾಸಿ, ಆದರೆ ದುಬಾರಿ, ಬುಕ್ ಮಾಡದೆ ಜಾಗ ಸಿಗುವುದಿಲ್ಲ. ನಾನಾದರೆ ಮಹೇಶ್ ಅನ್ನುತ್ತೇನೆ. ಅಮ್ಮನಿಗೆ ಅಲ್ಲಿ ತರಕಾರಿ ಅಡುಗೆ ಸಿಗುತ್ತದೆ. ಮೀನಿನ ವಾಸನೆ ಆಗುವುದಿಲ್ಲ ಅನ್ನುವುದಾದರೆ ಅವರಿಗೆ ಮೊದಲೇ ಚರ್ಚ್‌ಗೇಟ್ ಕಡೆ ಊಟ ಮಾಡಿಸಿ, ರೂಮಿಗೆ ಬಿಟ್ಟು ನೀವಿಬ್ಬರೇ ಹೋಗಿ ಬನ್ನಿ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೊರಡಿ. ಸಿಎಸ್‌ಎಂಟಿ ಕಡೆ ಹೋಗುವ ಡಿ.ಎನ್. ರೋಡ್ ಉಳಿದ ದಿನ ಗಿಜಿಗಿಜಿ, ಭಾನುವಾರ ಬೆಳಿಗ್ಗೆ ಮಾತ್ರ ನಡೆಯಬಹುದು. ಫ್ಲೋರಾ ಫೌಂಟನ್‌ನಿಂದ ಶುರು ಮಾಡಿ. ಹತ್ತಿರದಲ್ಲೇ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡ, 1936ರದ್ದು. ಅದರ ಮುಂಭಾಗದಲ್ಲಿ ಎನ್.ಜಿ. ಪನ್ಸಾರೆ ಮಾಡಿದ ಎತ್ತರದ ಶಿಲ್ಪಗಳಿವೆ. ದೇವರಲ್ಲ, ರಾಜರಲ್ಲ. ರೈತರು, ಕುಶಲಕರ್ಮಿಗಳು, ದುಡಿಯುವ ಜನ. ಈ ಕಟ್ಟಡವನ್ನು ಪ್ರವಾಸಿಗರು ನೋಡದೆ ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ಮುಂಬೈಯ ಅತ್ಯುತ್ತಮ ಐದು ಮುಂಭಾಗಗಳಲ್ಲಿ ಇದೂ ಒಂದು. ಅಮ್ಮನ ಕಾಲು ಚೆನ್ನಾಗಿದ್ದರೆ ಹಾರ್ನಿಮನ್ ಸರ್ಕಲ್ ಮತ್ತು ಏಷ್ಯಾಟಿಕ್ ಸೊಸೈಟಿಯ ಬಿಳಿ ಕಂಬಗಳ ಟೌನ್ ಹಾಲ್ ನೋಡಿಕೊಳ್ಳಿ. ಇಲ್ಲದಿದ್ದರೆ ಟ್ಯಾಕ್ಸಿಯಲ್ಲಿ ನೇರ ಸಿಎಸ್‌ಎಂಟಿ.

ಸಿಎಸ್‌ಎಂಟಿಯನ್ನು ಮೊದಲು ರಸ್ತೆಯಾಚೆ, ಪಾಲಿಕೆ ಕಟ್ಟಡದ ಕಡೆಯಿಂದ ನೋಡಿ. ಆ ಪಾಲಿಕೆ ಕಟ್ಟಡವೂ ಅಪ್ಪ ಸ್ಟೀವನ್ಸ್ ಅವರದ್ದೇ, 1893. ನಿಲ್ದಾಣದ ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಮೈ ತುಂಬ ಇರುವ ನವಿಲು, ಮಂಗ, ಎಲೆ, ಹೂವಿನ ಕೆತ್ತನೆಗಳಲ್ಲಿ ಬಹಳಷ್ಟು ಜೆ.ಜೆ. ಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ. ಒಂದು ಬ್ರಿಟನ್ನಿಗೆ, ಇನ್ನೊಂದು ಭಾರತಕ್ಕೆ. ಆಮೇಲೆ ಒಳಗೆ ಹೋಗಿ ಲೋಕಲ್ ಟಿಕೆಟ್ ತೆಗೆದುಕೊಳ್ಳಿ. ಟಿಕೆಟ್ ಕೊಡುವ ಆ ಹಾಲೇ ಸ್ಟಾರ್ ಚೇಂಬರ್. ಕಮಾನು, ಅಮೃತಶಿಲೆಯ ಕಂಬ, ಚಾವಣಿಯಲ್ಲಿ ಬಂಗಾರದ ಬಣ್ಣದ ನಕ್ಷತ್ರ. ವಿಶ್ವ ಪರಂಪರೆಯ ಕಟ್ಟಡದಲ್ಲಿ ನಿಂತು ಕೆಲವೇ ರೂಪಾಯಿಯ ಟಿಕೆಟ್ ಕೊಳ್ಳುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಬೈಕುಲಾಗೆ ಸ್ಲೋ ಲೋಕಲ್ ಹಿಡಿಯಿರಿ. ಒಂದು ಎಚ್ಚರಿಕೆ: ಭಾನುವಾರ ಹಳಿ ದುರಸ್ತಿಗೆ ಮೆಗಾ ಬ್ಲಾಕ್ ಇರುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಹನ್ನೊಂದರಿಂದ ಮಧ್ಯಾಹ್ನದ ತನಕ. ಯಾವ ಲೈನು ಅಂತ ಶನಿವಾರವೇ ನೋಡಿಕೊಳ್ಳಿ. ಬ್ಲಾಕ್ ನಿಮ್ಮ ದಾರಿಯಲ್ಲೇ ಇದ್ದರೆ ಟ್ಯಾಕ್ಸಿ ಮಾಡಿ. ಬೈಕುಲಾ ನಿಲ್ದಾಣವನ್ನು ಇತ್ತೀಚೆಗೆ ಮೊದಲಿನ ರೂಪಕ್ಕೆ ತಂದಿದ್ದಾರೆ, ಅದಕ್ಕೂ 2022ರಲ್ಲಿ ಯುನೆಸ್ಕೊ ಪ್ರಶಸ್ತಿ ಸಿಕ್ಕಿದೆ. ಅಲ್ಲಿಂದ ಭಾವು ದಾಜಿ ಲಾಡ್ ಮ್ಯೂಸಿಯಂ ಹತ್ತಿರ. 1872ರದ್ದು, ಊರಿನ ಅತಿ ಹಳೇ ಮ್ಯೂಸಿಯಂ. ಒಳಗೆ ಹಸಿರು, ಬಂಗಾರದ ಬಣ್ಣ ಬಳಿದ ಕಬ್ಬಿಣದ ಕಂಬಗಳು, ಮರದ ಗಾಜಿನ ಪೆಟ್ಟಿಗೆಗಳು. ಹಳೇ ಮುಂಬೈಯ ಜನ, ಕಸುಬು, ವೇಷಗಳನ್ನು ತೋರಿಸುವ ಪುಟ್ಟ ಮಣ್ಣಿನ ಗೊಂಬೆಗಳ ಮುಂದೆ ಅಮ್ಮ ಬಹಳ ಹೊತ್ತು ನಿಲ್ಲುತ್ತಾರೆ ಅಂತ ನನಗನ್ನಿಸುತ್ತದೆ. ಪಕ್ಕದ ತೋಟದಲ್ಲಿ ಕುದುರೆಯ ಮೇಲೆ ಕೂತ ಏಳನೇ ಎಡ್ವರ್ಡ್ ಮೂರ್ತಿ ಇದೆ. ಕಾಲಾ ಘೋಡಾ ಎಂಬ ಜಾಗಕ್ಕೆ ಹೆಸರು ಕೊಟ್ಟ ಕಪ್ಪು ಕುದುರೆ ಇದೇ. 1965ರಲ್ಲಿ ಇದನ್ನು ಅಲ್ಲಿಂದ ತೆಗೆದರು. ನೀವು ಶನಿವಾರ ಕಾಲಾ ಘೋಡಾದಲ್ಲಿ ನೋಡಿರುವ ಸವಾರನಿಲ್ಲದ ಕುದುರೆ 2017ರದ್ದು.

ಮಧ್ಯಾಹ್ನ ಮಾಟುಂಗಾ. ಇದು ಅಮ್ಮನ ಊಟ. ಮಾಟುಂಗಾ ನಿಲ್ದಾಣದ ಪಕ್ಕ, ಮಹಡಿಯ ಮೇಲೆ ರಾಮಾ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೆಯುತ್ತಿದೆ. ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು, ಕರೆದಾಗ ಒಳಗೆ ಹೋಗಬೇಕು. ಬಾಳೆ ಎಲೆ ಊಟ ಹೇಳಿ. ಭಾನುವಾರ ಬಹಳ ಜನ, ಹನ್ನೆರಡರೊಳಗೆ ಟೋಕನ್ ಕೈಯಲ್ಲಿರಲಿ. ಮೆಟ್ಟಿಲು ಇದೆ, ಅಮ್ಮನಿಗೆ ನಿಧಾನಕ್ಕೆ ಹತ್ತಿಸಿ. ಮೆಟ್ಟಿಲು ಬೇಡವಾದರೆ ರಾಮ್ ಆಶ್ರಯ ಅಥವಾ 1940ರ ಕೆಫೆ ಮದ್ರಾಸ್‌ನಲ್ಲಿ ತಿಂಡಿ ಮಾಡಿ, ಅಲ್ಲಿಯೂ ಸಾಲು ಇದ್ದೇ ಇರುತ್ತದೆ.

ಈ ಹೋಟೆಲುಗಳಲ್ಲಿ ಸುಮ್ನೆ ಕನ್ನಡದಲ್ಲಿ ಮಾತಾಡಿ ನೋಡಿ. ಕರಾವಳಿಯಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ದೊಡ್ಡ ತಲೆಮಾರೊಂದು ಈ ಊರಿನಲ್ಲಿತ್ತು. ಮುಂಬೈಗೆ ಇಡ್ಲಿ, ದೋಸೆ ತಿನ್ನಿಸಿದವರು ಅವರೇ. ಅವರು ಕಟ್ಟಿ ಬೆಳೆಸಿದ್ದನ್ನೂ ನಾನು ಈ ಊರಿನ ಪರಂಪರೆ ಅಂತಲೇ ಎಣಿಸುತ್ತೇನೆ.

ಊಟ ಆದ ಮೇಲೆ ಟ್ಯಾಕ್ಸಿಯಲ್ಲಿ ಹತ್ತಿರದ ಫೈವ್ ಗಾರ್ಡನ್ಸ್ ಬಡಾವಣೆ ಸುತ್ತಿ. 1896ರಲ್ಲಿ ಪ್ಲೇಗ್ ಬಂದ ಮೇಲೆ ಊರಿನ ಇಕ್ಕಟ್ಟು ಕಡಿಮೆ ಮಾಡಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ದಾದರ್, ಮಾಟುಂಗಾ ಅವರು ಯೋಜಿಸಿದ ಬಡಾವಣೆಗಳು. ಇಲ್ಲಿಯೂ ಡೆಕೊ ಮನೆಗಳಿವೆ. ಓವಲ್‌ನವು ಸಿರಿವಂತರ ಮನೆ, ಇವು ನೌಕರಿ ಮಾಡುವವರ ಮನೆ. ಅದೇ ಸಜ್ಜಾ, ಅದೇ ದುಂಡು ಬಾಲ್ಕನಿ, ಅಳತೆ ಮಾತ್ರ ಚಿಕ್ಕದು. ದಕ್ಷಿಣದಿಂದ ಬಂದು ಗುಮಾಸ್ತರಾದವರು, ಮೇಷ್ಟರಾದವರು ಇಲ್ಲಿ ಬಾಳಿದರು. ಓವಲ್‌ನಷ್ಟು ಕಾಪಾಡಿಲ್ಲ, ಎಷ್ಟೋ ಕಟ್ಟಡ ಕೆಡವಿ ಎತ್ತರದ ಟವರ್ ಕಟ್ಟುತ್ತಿದ್ದಾರೆ. ಈಗಲೇ ನೋಡಿಬಿಡಿ ಅನ್ನುವುದು ಅದಕ್ಕೇ.

ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಕನ್ನಡ ನಾಟಕ, ಸಂಗೀತ ನಡೆಯುತ್ತಿರುತ್ತದೆ. ಹೊರಡುವ ಮೊದಲು ಆ ಭಾನುವಾರ ಏನಾದರೂ ಇದೆಯಾ ಅಂತ ವಿಚಾರಿಸಿ. ಇದ್ದರೆ ವಾಪಸ್ ಟಿಕೆಟನ್ನು ರಾತ್ರಿ ಆದಷ್ಟು ತಡವಾಗಿ ಮಾಡಿಸಿ, ಲಗೇಜನ್ನು ಬೆಳಿಗ್ಗೆಯೇ ಹೋಟೆಲಿನಲ್ಲಿ ಬಿಟ್ಟುಬಿಡಬೇಡಿ. ಮಾಟುಂಗಾದಿಂದ ಮತ್ತೆ ಫೋರ್ಟ್‌ಗೆ ಹೋಗಿ ಬರುವುದೆಂದರೆ ಒಂದೂವರೆ ಗಂಟೆ ದಂಡ. ಸಣ್ಣ ಬ್ಯಾಗುಗಳಾದರೆ ಭಾನುವಾರ ಒಂದು ಟ್ಯಾಕ್ಸಿಯನ್ನು ದಿನಕ್ಕೆ ಗೊತ್ತು ಮಾಡಿಕೊಂಡು ಅದರಲ್ಲೇ ಇಟ್ಟುಕೊಳ್ಳಿ. ಅಮ್ಮನಿಗೂ ಅದೇ ಅನುಕೂಲ.